ಐದು ಹನ್ನೊಂದಕ್ಕೆ ಮುಳುಗಿದ ಸೂರ್ಯ

ಕಾಪುವಿನಲ್ಲಿ ಮಾರ್ಚ್ ಕೊನೆಯ ವಾರ ಸೂರ್ಯ ಮುಳುಗುವುದು ಸಂಜೆ 6 ಗಂಟೆ 40 ನಿಮಿಷದ ಆಸುಪಾಸು. ದೀಪಸ್ತಂಭದ ಬಂಡೆ ಹತ್ತಿ ಕೂತು ಬೆಳೆದವರಿಗೆ ಇದನ್ನು ಪಂಚಾಂಗ ನೋಡಿ ತಿಳಿಯಬೇಕಾಗಿಲ್ಲ. ಹಾಗಾಗಿ ಸುಗ್ಗಿ ಮಾರಿಪೂಜೆ ಮುಗಿದು ಎರಡು ದಿನಕ್ಕೆ ಚಿಕ್ಕಮ್ಮ ನನ್ನ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಎಂತ ಮಗಾ ಇದು, ಸೂರ್ಯ ಐದು ಗಂಟೆಗೇ ಮುಳುಗಿದ್ದಾ?" ಎಂದಾಗ ನಾನೂ ಬಗ್ಗಿ ನೋಡಿದೆ. ಅರ್ಧ ಸೂರ್ಯ ನೀರಿಗಿಳಿದಿದ್ದ. ದೀಪಸ್ತಂಭ ಕಪ್ಪು ನೆರಳಾಗಿ ನಿಂತಿತ್ತು. ಕೆಳಗೆ ಸಮಯ 17:11 ಎಂದಿತ್ತು.

ಅಜ್ಜಿಗೆ ಒಂದು ಆಲ್ಬಂ ಮಾಡಿಸಬೇಕೆಂದು ಚಿಕ್ಕಮ್ಮನ ಹಟ. ಫೋನಿನಲ್ಲಿ ತೋರಿಸಿದರೆ ಅಜ್ಜಿಗೆ ಹಿಡಿಸುವುದಿಲ್ಲ, ಕೈಯಲ್ಲಿ ಹಿಡಿದು ತಿರುವಿ ಹಾಕುವಂಥದ್ದೇ ಬೇಕು. ಬೆಳಿಗ್ಗೆ ಮಾರಿಗುಡಿಯ ಎದುರಿನ ಜನಸಾಗರದಿಂದ ರಾತ್ರಿ ಮನೆಯಂಗಳದಲ್ಲಿ ಎಲೆ ಹಾಕುವವರೆಗೆ ಎಲ್ಲ ಸಾಲಾಗಿ ಇರಬೇಕು. ಫೋಟೋಗಳು ಮೂರು ಕಡೆಯಿಂದ ಬಂದಿದ್ದವು: ನನ್ನ ಫೋನಿನವು, ದುಬೈಯಿಂದ ರಜೆಗೆ ಬಂದ ಭಾವನ ಕ್ಯಾಮೆರಾದವು, ಮತ್ತೆ ಮನೆಯವರ ಗ್ರೂಪಿಗೆ ಯಾರ್ಯಾರೋ ಕಳಿಸಿದವು. ಎಲ್ಲವನ್ನೂ ಒಂದು ಫೋಲ್ಡರಿಗೆ ಸುರಿದು ಸಮಯದ ಪ್ರಕಾರ ಜೋಡಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಜೋಡಿಸಿದ ಮೇಲೆ ನೋಡಿದರೆ ಊಟ ಮುಗಿಸಿದವರು ಮತ್ತೆ ಅಡುಗೆಗೆ ಕೂತಿದ್ದರು, ಸೂರ್ಯ ಮುಳುಗಿದ ಮೇಲೆ ಅಂಗಳದಲ್ಲಿ ಬಿಸಿಲು ಕಾಯುತ್ತಿತ್ತು.

ಮೊದಲು ಕ್ಯಾಮೆರಾದ ಗಡಿಯಾರ ಕೆಟ್ಟಿರಬೇಕು ಎಂದೆ. ಆದರೆ ಭಾವನೂ ನಾನೂ ಅಕ್ಕಪಕ್ಕ ನಿಂತು ಒಂದೇ ಕ್ಷಣವನ್ನು ತೆಗೆದ ಎರಡು ಫೋಟೋ ಸಿಕ್ಕವು. ಅಜ್ಜಿ ಮೊಮ್ಮಗಳ ಹಣೆಗೆ ಪ್ರಸಾದ ಹಚ್ಚುತ್ತಿರುವ ಫೋಟೋ ಅದು. ನನ್ನದರಲ್ಲಿ 19:42, ಭಾವನದರಲ್ಲಿ 18:12. ಕೆಟ್ಟ ಗಡಿಯಾರ ಏಳು ನಿಮಿಷವೋ ಇಪ್ಪತ್ತಮೂರು ನಿಮಿಷವೋ ಹಿಂದೆ ಬೀಳುತ್ತದೆ. ಸರಿಯಾಗಿ ಒಂದೂವರೆ ಗಂಟೆ ಹಿಂದೆ ಇರುವ ಗಡಿಯಾರ ಕೆಟ್ಟದ್ದಲ್ಲ, ಅದು ಬೇರೆ ಊರಿನದು. ಭಾರತಕ್ಕೂ ದುಬೈಗೂ ಒಂದೂವರೆ ಗಂಟೆಯ ಅಂತರ. ಭಾವ ಕ್ಯಾಮೆರಾ ಕೊಂಡ ದಿನ ಅಲ್ಲಿಯ ಸಮಯ ಹಾಕಿದ್ದರು, ಆಮೇಲೆ ಮುಟ್ಟಿರಲಿಲ್ಲ. ಅದು ಕಾಪುವಿಗೆ ಬಂದರೂ ದುಬೈಯಲ್ಲೇ ಬದುಕುತ್ತಿತ್ತು.

ಇಷ್ಟಕ್ಕೆ ಬಿಟ್ಟುಬಿಡಬಹುದಿತ್ತು. ನಾನು ಮೊಬೈಲ್ ಆ್ಯಪ್ ಬರೆದು ಹೊಟ್ಟೆ ಹೊರೆಯುವವನು. 1996ರಲ್ಲಿ ರೋಹಿತ್ ಭಟ್ಟರು ಉಡುಪಿಯಲ್ಲಿ ರೋಬೋಸಾಫ್ಟ್ ಶುರು ಮಾಡಿದ ಮೇಲೆ, ಬೆಂಗಳೂರಿಗೆ ಬಸ್ಸು ಹತ್ತದೆಯೂ ಈ ಕೆಲಸ ಮಾಡಬಹುದು ಎಂದು ನಮ್ಮ ಕಡೆಯ ಹುಡುಗರಿಗೆ ಧೈರ್ಯ ಬಂತು, ಅಂಥವರಲ್ಲಿ ನಾನೂ ಒಬ್ಬ. ನನ್ನ ತಲೆಯಲ್ಲಿ ಉಳಿದ ಪ್ರಶ್ನೆ ಬೇರೆ. ಕ್ಯಾಮೆರಾಕ್ಕೆ ಊರು ಗೊತ್ತಿಲ್ಲ, ಒಪ್ಪಿದೆ. ಉಪಗ್ರಹ, ಟವರು, ಇಂಟರ್ನೆಟ್ಟು ಎಲ್ಲ ಕೈಯಲ್ಲಿರುವ ಫೋನಿಗೂ ಇದು ಯಾಕೆ ತಿಳಿಯಲಿಲ್ಲ? ಆ ರಾತ್ರಿ 17:11ರ ಸೂರ್ಯನ ಫೈಲನ್ನು, ಬೈಟುಗಳನ್ನು ಇದ್ದ ಹಾಗೆ ತೋರಿಸುವ ಹೆಕ್ಸ್ ವ್ಯೂವರಿನಲ್ಲಿ ತೆರೆದು ಕೂತೆ.

ಜೆಪೆಗ್ ಫೈಲು ಎಫ್‌ಎಫ್ ಡಿ8 ಎಂಬ ಎರಡು ಬೈಟಿನಿಂದ ಶುರುವಾಗುತ್ತದೆ. ಕ್ಯಾಮೆರಾದಿಂದ ಬಂದದ್ದಾದರೆ ಬಹುಮಟ್ಟಿಗೆ ಅದರ ಬೆನ್ನಿಗೇ ಎಫ್‌ಎಫ್ ಇ1, ಆ ಭಾಗದ ಉದ್ದ ಹೇಳುವ ಎರಡು ಬೈಟು, ಆಮೇಲೆ ಸಾದಾ ಅಕ್ಷರಗಳಲ್ಲಿ 'ಎಕ್ಸಿಫ್' ಎಂಬ ಹೆಸರು. ಚಿತ್ರ ಇರುವುದು ಇನ್ನೂ ಮುಂದೆ. ಹಿಂದೆ ಸ್ಟುಡಿಯೋದಿಂದ ತಂದ ಫೋಟೋದ ಬೆನ್ನಿಗೆ ಅಂಗಡಿಯ ಮೊಹರು ಇರುತ್ತಿತ್ತು, ಅದರ ಕೆಳಗೆ ಅಜ್ಜ ಪೆನ್ಸಿಲಿನಲ್ಲಿ ಇಸವಿ, ಊರು, ಯಾರ ಮದುವೆ ಎಂದು ಬರೆದಿಡುತ್ತಿದ್ದರು. ಇದೂ ಅದೇ ಬರಹ. ಬೆನ್ನಿಗಿದ್ದದ್ದು ಇಲ್ಲಿ ತಲೆಗೆ ಬಂದಿದೆ, ಹೆಡರು ಎಂಬ ಹೆಸರು ಪಡೆದಿದೆ, ಅಷ್ಟೆ. ಕ್ಯಾಮೆರಾದ ಕಂಪನಿ, ಮಾದರಿ, ಲೆನ್ಸಿನ ಕಿಂಡಿ ಎಷ್ಟು ತೆರೆದಿತ್ತು, ಎಷ್ಟು ಹೊತ್ತು ತೆರೆದಿತ್ತು, ಫ್ಲಾಶ್ ಹೊಡೆದಿತ್ತೇ, ತೆಗೆದ ದಿನ, ಗಂಟೆ ಎಲ್ಲವೂ ಅಲ್ಲಿ ಉಂಟು. ಉದ್ದ ಹೇಳಲು ಎರಡೇ ಬೈಟು ಇರುವ ಕಾರಣ ಇಡೀ ಬರಹ 64 ಕಿಲೋಬೈಟು ದಾಟುವಂತಿಲ್ಲ.

ಈ ಬರಹದ ಪದ್ಧತಿ ಜಪಾನಿನದು. ಅಲ್ಲಿಯ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘ, ಚಿಕ್ಕದಾಗಿ ಜೈಡಾ, 1995ರ ಅಕ್ಟೋಬರಿನಲ್ಲಿ ಎಕ್ಸಿಫ್‌ನ ಮೊದಲ ಆವೃತ್ತಿಯನ್ನು ಹೊರತಂದಿತು. ಬೆನ್ನ ಮೇಲೆ ಪುಟ್ಟ ಪರದೆಯಿದ್ದ ಕ್ಯಾಸಿಯೊ ಕ್ಯೂವಿ-10 ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ, ಅದರಲ್ಲಿ 96 ಫೋಟೋ ಹಿಡಿಸುತ್ತಿದ್ದವು. ಸಂಘದವರು ಹೊಸ ಭಾಷೆ ಕಟ್ಟಲಿಲ್ಲ. 1986ರಲ್ಲಿ ಆಲ್ಡಸ್ ಕಂಪನಿ ಸ್ಕ್ಯಾನರುಗಳಿಗಾಗಿ ಮಾಡಿದ್ದ ಟಿಫ್ ಎಂಬ ವಿನ್ಯಾಸವನ್ನು ಎತ್ತಿಕೊಂಡು ಜೆಪೆಗ್ಗಿನ ತಲೆಯೊಳಗೆ ಕೂರಿಸಿದರು. ಟಿಫ್‌ನಲ್ಲಿ ಮೊದಲು ಎರಡು ಅಕ್ಷರ ಬರುತ್ತವೆ. 'ಐಐ' ಎಂದಿದ್ದರೆ ಅಂಕಿಗಳನ್ನು ಇಂಟೆಲ್ ಕ್ರಮದಲ್ಲಿ, ಕಿರಿಯ ಬೈಟಿನಿಂದ ಓದಬೇಕು. 'ಎಂಎಂ' ಎಂದಿದ್ದರೆ ಮೋಟೊರೋಲಾ ಕ್ರಮದಲ್ಲಿ, ಹಿರಿಯ ಬೈಟಿನಿಂದ. ಕ್ರಮ ಸರಿ ಹಿಡಿದಿರೋ ಎಂದು ಪರೀಕ್ಷಿಸುವ ಹಾಗೆ ಮುಂದಿನ ಅಂಕಿ ಯಾವಾಗಲೂ 42. ನಾನಿದನ್ನು ಕಾರ್ಕಳದಿಂದ ನೆನಪಿಟ್ಟುಕೊಂಡಿದ್ದೇನೆ, ನಮ್ಮ ಗೊಮ್ಮಟನ ಎತ್ತರವೂ 42 ಅಡಿ. ಆ ಮೂರ್ತಿಯನ್ನು 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಎಂದು ನಮಗೆ ಗೊತ್ತಿರುವುದು ಪಕ್ಕದಲ್ಲಿ ಶಾಸನ ಕೆತ್ತಿಸಿದ್ದರಿಂದ. ಕಲ್ಲು ತಾನಾಗಿ ತನ್ನ ಇಸವಿ ಹೇಳುವುದಿಲ್ಲ.

ದಿನಾಂಕದ ಜಾಗಕ್ಕೆ ಬಂದೆ. ವರ್ಷ, ತಿಂಗಳು, ದಿನ, ಗಂಟೆ, ಮಿನಿಟು, ಸೆಕೆಂಡು, ನಡುನಡುವೆ ಕೋಲನ್ ಚಿಹ್ನೆ, ಕೊನೆಗೊಂದು ಸೊನ್ನೆ ಬೈಟು. ಒಟ್ಟು 20 ಬೈಟು. ಯಾವ ಊರಿನ ಗಂಟೆ ಎಂದು ಹೇಳುವ ಜಾಗ ಅದರಲ್ಲಿ ಇಲ್ಲ. 1995ರಲ್ಲಿ ಯಾರಿಗೂ ಅದು ಬೇಕೆನಿಸಲಿಲ್ಲ. ಸಮಯ ಹಾಕುವವನು, ಫೋಟೋ ತೆಗೆಯುವವನು, ಆಮೇಲೆ ನೋಡುವವನು ಒಂದೇ ಮನೆಯವರು ಎಂಬ ಲೆಕ್ಕ. ಒಬ್ಬರ ಹಬ್ಬ ಮೂರು ದೇಶಗಳ ಫೋನುಗಳಲ್ಲಿ ಕೂಡುವ ಕಾಲ ಆಗ ಬಂದಿರಲಿಲ್ಲ. ಕಾಲವಲಯಕ್ಕೆ ಎಕ್ಸಿಫ್‌ನಲ್ಲಿ ಪ್ರತ್ಯೇಕ ಜಾಗ ಸಿಕ್ಕಿದ್ದು 2016ರಲ್ಲಿ, 2.31ನೇ ಆವೃತ್ತಿಯಲ್ಲಿ. ಇಪ್ಪತ್ತೊಂದು ವರ್ಷ ಬೇಕಾಯಿತು. ಭಾವನ ಕ್ಯಾಮೆರಾ ಆ ಜಾಗವನ್ನು ತುಂಬುವ ಪೈಕಿಯದಲ್ಲ.

ಹಾಗಾದರೆ ಆಂಡ್ರಾಯ್ಡ್ ಏನು ಮಾಡುತ್ತದೆ? ಊಹಿಸುತ್ತದೆ. ಕಾರ್ಡಿನಲ್ಲಿರುವ ಫೋಟೋಗಳನ್ನು ಹುಡುಕಿ ಪಟ್ಟಿ ಮಾಡುವ ಸ್ಕ್ಯಾನರಿನ ಕೋಡು ಎಲ್ಲರಿಗೂ ತೆರೆದಿದೆ, ಓದಬಹುದು. ಹೆಡರಿನಲ್ಲಿ ಉಪಗ್ರಹದ ಸಮಯ ಇದ್ದರೆ ಅದು ಜಾಗತಿಕ ಸಮಯವಾದ್ದರಿಂದ ಗೊಂದಲವಿಲ್ಲ. ವಲಯ ಬರೆದಿದ್ದರೆ ಅದೂ ಸರಿ. ಎರಡೂ ಇಲ್ಲದಿದ್ದರೆ ಹೆಡರಿನ ಸಮಯವನ್ನೂ ಫೈಲು ಕೊನೆಗೆ ಬದಲಾದ ಸಮಯವನ್ನೂ ಪಕ್ಕದಲ್ಲಿಟ್ಟು ಕಳೆಯುತ್ತದೆ, ಬಂದ ಅಂತರವನ್ನು ಹತ್ತಿರದ 15 ನಿಮಿಷಕ್ಕೆ ಸರಿಹೊಂದಿಸುತ್ತದೆ. ಅದು ಒಂದು ದಿನಕ್ಕಿಂತ ಕಡಿಮೆಯಾದರೆ, ಇದೇ ಕಾಲವಲಯದ ವ್ಯತ್ಯಾಸ ಎಂದು ತೀರ್ಮಾನಿಸುತ್ತದೆ. ಹದಿನೈದೇ ಯಾಕೆಂದರೆ ಜಗತ್ತಿನ ವಲಯಗಳು ಕಾಲು ಗಂಟೆಯ ಅಳತೆಯಲ್ಲಿವೆ. ನಮ್ಮದು ಐದೂವರೆ, ನೇಪಾಳದ್ದು ಐದೂಮುಕ್ಕಾಲು. ಈ ನಾಲ್ಕು ಸಾಲಿನ ಕೋಡನ್ನು ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಬರೆಯದೇ ಬಿಟ್ಟದ್ದನ್ನು ಸುತ್ತಲಿನ ಗುರುತುಗಳಿಂದ ಕಂಡುಹಿಡಿಯುವ ಪ್ರಯತ್ನ ಅದು.

ಆದರೆ ನಮ್ಮ ಫೋಟೋಗಳಿಗೆ ಆ ಜಾಣ್ಮೆ ನೆರವಾಗಲಿಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಫೈಲಿನ ಸಮಯವೂ ವಲಯವಿಲ್ಲದ ಸ್ಥಳೀಯ ಸಮಯವೇ, ಅದನ್ನು ಬರೆದದ್ದೂ ಕ್ಯಾಮೆರಾದ ಗಡಿಯಾರವೇ. ಕಾರ್ಡನ್ನು ಫೋನಿಗೆ ಚುಚ್ಚಿದಾಗ ಹೆಡರು 17:11 ಎಂದಿತು, ಫೈಲೂ 17:11 ಎಂದಿತು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ್ದರಿಂದ ಫೋನು ನಂಬಿತು. ಇಬ್ಬರೂ ಒಂದೇ ಗಡಿಯಾರ ನೋಡಿ ಬಂದವರು ಎಂದು ಅದಕ್ಕೆ ತಿಳಿಯುವ ದಾರಿ ಇರಲಿಲ್ಲ. ಸುಳ್ಳನ್ನು ಹಿಡಿದದ್ದು ಸೂರ್ಯ, ಅದನ್ನು ಓದಿದ್ದು ಚಿಕ್ಕಮ್ಮ.

ಇಲ್ಲಿ, ಫೋನಿನೊಳಗೆ ಈ ಹೆಡರನ್ನು ಓದುವವರು ಯಾರು ಎಂದು ಒಂದು ಮಾತು ಹೇಳಬೇಕು. ಫೋಟೋ ತೋರಿಸುವ ಆ್ಯಪ್ ಈ ಬೈಟುಗಳನ್ನು ತಾನೇ ಓದಲು ಹೋಗುವುದು ಕಡಿಮೆ. ಹಿಂದೆ ಊರಿಗೊಬ್ಬ ಶಾನುಭೋಗರಿದ್ದ ಹಾಗೆ, ಫೋನಿನ ಕಾರ್ಯವ್ಯವಸ್ಥೆಯೊಳಗೆ ದಸ್ತಾವೇಜು ಓದಿ ಹೇಳುವ ಒಂದು ಭಾಗ ಇರುತ್ತದೆ. ಆ್ಯಪ್ ಹೋಗಿ, ಈ ಫೋಟೋ ಯಾವಾಗಿನದು, ಎಲ್ಲಿಯದು ಎಂದು ಕೇಳುತ್ತದೆ, ಅದು ಓದಿ ಹೇಳುತ್ತದೆ. ಶಾನುಭೋಗರು ಒಂದು ಅಕ್ಷರ ತಪ್ಪು ಓದಿದರೆ ಊರಿನ ಎಲ್ಲರ ಪಹಣಿಯೂ ತಪ್ಪಾಗುತ್ತದೆ. ಆಂಡ್ರಾಯ್ಡಿನಲ್ಲಿ ಈ ಕೆಲಸದ ಕ್ಲಾಸಿನ ಹೆಸರು ಎಕ್ಸಿಫ್‌ಇಂಟರ್‌ಫೇಸ್. 2009ರಲ್ಲಿ ಆಂಡ್ರಾಯ್ಡ್ 2.0ರ ಜೊತೆ ಬಂತು. ಐಫೋನಿನಲ್ಲಿ ಈ ಕೆಲಸಕ್ಕೆ ಇಮೇಜ್‌ಐಓ ಎಂಬ ಭಾಗ ಆ್ಯಪ್ ಬರೆಯುವವರ ಕೈಗೆ ಸಿಕ್ಕಿದ್ದು 2010ರಲ್ಲಿ, ಐಓಎಸ್ 4ರಲ್ಲಿ.

ತಪ್ಪು ಓದಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೀಪಸ್ತಂಭವನ್ನೇ ತೆಗೆದುಕೊಳ್ಳಿ. 1901ರಲ್ಲಿ ಕಟ್ಟಿದ್ದು, ಎತ್ತರ 27 ಮೀಟರು. ನೋಡಿದವರೆಲ್ಲ ಅದನ್ನು ಫೋನು ನೆಟ್ಟಗೆ ಹಿಡಿದೇ ತೆಗೆಯುತ್ತಾರೆ. ಫೋನಿನೊಳಗಿನ ಸೆನ್ಸರು ಮಾತ್ರ ಅಡ್ಡ ಕೂತಿರುತ್ತದೆ. ಲಕ್ಷಗಟ್ಟಲೆ ಚುಕ್ಕೆಗಳನ್ನು ತಿರುಗಿಸಿ ಮತ್ತೆ ಜೋಡಿಸಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಫೋನು ಚಿತ್ರವನ್ನು ಅಡ್ಡವಾಗಿಯೇ ಉಳಿಸಿ, ಹೆಡರಿನ 274ನೇ ಟ್ಯಾಗಿನಲ್ಲಿ, ಅಂದರೆ ಆ ಸಂಖ್ಯೆಯ ಜಾಗದಲ್ಲಿ, 6 ಎಂದು ಬರೆದುಬಿಡುತ್ತದೆ. 1 ಎಂದರೆ ಹೇಗಿದೆಯೋ ಹಾಗೆ, 3 ಎಂದರೆ ತಲೆಕೆಳಗು, 6 ಎಂದರೆ ತೋರಿಸುವಾಗ ಬಲಕ್ಕೆ ಕಾಲು ಸುತ್ತು ತಿರುಗಿಸು. ಒಟ್ಟು ಎಂಟು ಬಗೆ. ಇದನ್ನು ಕೇಳದ ಆ್ಯಪಿನಲ್ಲಿ ದೀಪಸ್ತಂಭ ಬಂಡೆಯಿಂದ ಉರುಳಿ ಮಲಗಿದ ಹಾಗೆ ಕಾಣುತ್ತದೆ, ಕಡಲು ಗೋಡೆಯಾಗಿ ನಿಲ್ಲುತ್ತದೆ. ಕೇಳದೇ ಇರುವುದು ಸುಲಭವೂ ಆಗಿತ್ತು. ಆಂಡ್ರಾಯ್ಡಿನಲ್ಲಿ ಚಿತ್ರ ಬಿಡಿಸಿ ಕೊಡುವ ಹಳೆಯ ಬಿಟ್‌ಮ್ಯಾಪ್‌ಫ್ಯಾಕ್ಟರಿ ಈ ಅಂಕಿಯನ್ನು ನೋಡುವುದೇ ಇಲ್ಲ, ಆ್ಯಪ್ ಬರೆಯುವವರೇ ನೆನಪಿಟ್ಟು ತಿರುಗಿಸಬೇಕು. ತಾನಾಗಿ ತಿರುಗಿಸಿ ಕೊಡುವ ಇಮೇಜ್‌ಡಿಕೋಡರ್ ಬಂದದ್ದು 2018ರಲ್ಲಿ, ಆಂಡ್ರಾಯ್ಡ್ 9ರಲ್ಲಿ. ಒಂಬತ್ತು ವರ್ಷ ಎಷ್ಟು ಮನೆಯ ಫೋಟೋಗಳು ಮಲಗಿಯೇ ಇದ್ದವೋ.

ಜಾಗದ ವಿಷಯ ಇನ್ನೂ ಸೂಕ್ಷ್ಮ. ದೀಪಸ್ತಂಭ ಇರುವುದು ಹೆಚ್ಚುಕಡಿಮೆ 13 ಡಿಗ್ರಿ 13 ಮಿನಿಟು ಉತ್ತರ, 74 ಡಿಗ್ರಿ 44 ಮಿನಿಟು ಪೂರ್ವದಲ್ಲಿ. ಎಕ್ಸಿಫ್ ಇದನ್ನು ದಶಮಾಂಶದಲ್ಲಿ ಬರೆಯದೆ ಭಿನ್ನರಾಶಿಯಲ್ಲಿ ಬರೆಯುತ್ತದೆ. ಡಿಗ್ರಿಗೊಂದು, ಮಿನಿಟಿಗೊಂದು, ಸೆಕೆಂಡಿಗೊಂದು, ಪ್ರತಿಯೊಂದಕ್ಕೂ ಅಂಶ, ಛೇದ. ಋಣ ಚಿಹ್ನೆ ಇಲ್ಲ. ಪೂರ್ವವೋ ಪಶ್ಚಿಮವೋ, ಉತ್ತರವೋ ದಕ್ಷಿಣವೋ ಎಂಬುದಕ್ಕೆ ಬೇರೆ ಟ್ಯಾಗಿನಲ್ಲಿ ಒಂದೊಂದು ಅಕ್ಷರ. ಪೂರ್ವದ ಅಕ್ಷರ ಕೈತಪ್ಪಿ ಪಶ್ಚಿಮ ಎಂದಾದರೆ ಕಾಪುವಿನ ದೀಪಸ್ತಂಭ ಕೊಲಂಬಿಯಾದ ಉತ್ತರಕ್ಕೆ ಕೆರಿಬಿಯನ್ ಕಡಲಿನ ನಡುನೀರಿನಲ್ಲಿ ಏಳುತ್ತದೆ. ಅಕ್ಷಾಂಶದ ಒಂದು ಸೆಕೆಂಡು ಎಂದರೆ ನೆಲದ ಮೇಲೆ ಸುಮಾರು 31 ಮೀಟರು. ಅದರ ನೂರನೇ ಒಂದು ಭಾಗದವರೆಗೂ ಭಿನ್ನರಾಶಿಯಲ್ಲಿ ಬರೆಯಬಹುದು, ಅಂದರೆ ಒಂದು ಅಡಿಯ ಅಳತೆ. 1998ರ ಆವೃತ್ತಿಯಲ್ಲೇ ಈ ಜಾಗಗಳೆಲ್ಲ ಇದ್ದವು. ಆಗ ಅಮೆರಿಕ ಸರ್ಕಾರ ಸಾರ್ವಜನಿಕರ ಜಿಪಿಎಸ್‌ಗೆ ಬೇಕೆಂದೇ ತಪ್ಪು ಬೆರೆಸುತ್ತಿತ್ತು, 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಸಂಘದವರು ಜಾಗ ಬಿಟ್ಟಿದ್ದಾಗ ಅದನ್ನು ತುಂಬುವ ಸಾಧನ ಎಲ್ಲರ ಕಿಸೆಯಲ್ಲಿ ಬಂದೀತು ಎಂದು ಲೆಕ್ಕ ಹಾಕಿರಲಾರರು.

ಈಗ ನಾನು ಹೇಳಲೇಬೇಕೆಂದಿರುವ ಭಾಗಕ್ಕೆ ಬರುತ್ತೇನೆ.

2009ರ ಎಕ್ಸಿಫ್‌ಇಂಟರ್‌ಫೇಸ್ ಓದುವ ಕೆಲಸವನ್ನು ತಾನು ಮಾಡುತ್ತಿರಲಿಲ್ಲ. ಒಳಗೆ ಜೆಹೆಡ್ ಎಂಬ ಪುಟ್ಟ ಸಿ ಪ್ರೋಗ್ರಾಮಿಗೆ ವಹಿಸಿತ್ತು. ಅದನ್ನು ಬರೆದವರು ಕೆನಡಾದ ಮಟಿಯಾಸ್ ವಾಂಡಲ್. ಮರದ ಹಲ್ಲುಚಕ್ರ, ಮರದ ಯಂತ್ರಗಳನ್ನು ಮಾಡಿ ತೋರಿಸುವ ಬಡಗಿಯಾಗಿ ಜಗತ್ತು ಅವರನ್ನು ಹೆಚ್ಚು ಬಲ್ಲದು. ಡಿಜಿಟಲ್ ಫೋಟೋಗಳ ಹೆಡರು ನೋಡಲು, ತಿದ್ದಲು ಬರೆದ ಪ್ರೋಗ್ರಾಮನ್ನು ಹಕ್ಕು ಕಟ್ಟಿಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಅದು ಒಂದು ಕಂಪ್ಯೂಟರಿನಲ್ಲಿ ಒಬ್ಬರು ಕೂತು ಒಂದೊಂದೇ ಕೆಲಸಕ್ಕೆ ನಡೆಸುವ ಪ್ರೋಗ್ರಾಂ. ಆದ್ದರಿಂದ ಒಳಗಿನ ಲೆಕ್ಕಗಳನ್ನೆಲ್ಲ ಒಂದೇ ಹಲಗೆಯ ಮೇಲೆ ಬರೆದುಕೊಳ್ಳುತ್ತಿತ್ತು. ಇಬ್ಬರು ಏಕಕಾಲಕ್ಕೆ ಬಂದರೆ ಒಬ್ಬರ ಲೆಕ್ಕದ ಮೇಲೆ ಇನ್ನೊಬ್ಬರದು ಬೀಳುತ್ತದೆ. ಆಂಡ್ರಾಯ್ಡಿನವರು ಇದನ್ನು ಅರಿತೇ ಬಾಗಿಲಿಗೊಂದು ಲಾಕ್ ಹಾಕಿದ್ದರು, ಒಬ್ಬರು ಹೊರಬಂದ ಮೇಲೆಯೇ ಇನ್ನೊಬ್ಬರು ಒಳಗೆ. ಒಂದೇ ಕಡೆಯುವ ಕಲ್ಲಿರುವ ಕೂಡುಕುಟುಂಬದ ಹಾಗೆ. ಹಳೆಯ ಕೋಡಿನ ಟಿಪ್ಪಣಿಯಲ್ಲಿ ಕಾರಣವನ್ನೂ ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾರೆ. ಓದಿದ್ದನ್ನು ಮೇಲಕ್ಕೆ ಕಳಿಸುತ್ತಿದ್ದದ್ದು ಒಂದೇ ಉದ್ದ ಸಾಲಾಗಿ: ಟ್ಯಾಗಿನ ಹೆಸರು, ಬೆಲೆಯ ಉದ್ದ, ಬೆಲೆ, ಮತ್ತೆ ಹೆಸರು, ಉದ್ದ, ಬೆಲೆ. ಜಾವಾ ಕೋಡು ಅದನ್ನು ಬಿಡಿಸಿಕೊಳ್ಳುತ್ತಿತ್ತು.

ಬಡಗಿಯ ಈ ಉಳಿ ಏಳು ವರ್ಷದಲ್ಲಿ ಕೋಟಿಗಟ್ಟಲೆ ಫೋನುಗಳೊಳಗೆ ಸೇರಿತು. ತನ್ನ ಕ್ಯಾಮೆರಾ ಬರೆದ ಹೆಡರನ್ನು ತಾನೇ ಓದುವವನಿಗೆ ಅನುಮಾನಪಡುವ ಅಗತ್ಯ ಇರುವುದಿಲ್ಲ. ಈಗ ಅದರ ಮುಂದೆ ಬರುತ್ತಿದ್ದದ್ದು ಜಗತ್ತಿನ ಯಾರೋ ಯಾರಿಗೋ ಕಳಿಸಿದ ಫೋಟೋ. ಹೆಡರಿನಲ್ಲಿ, ಇಲ್ಲಿಂದ ಇಷ್ಟು ಬೈಟು ಮುಂದೆ ಹೋಗು, ಅಲ್ಲಿ ಇಷ್ಟು ಉದ್ದದ ಬರಹ ಉಂಟು ಎಂದು ಬರೆದಿರುತ್ತದೆ. ಬರೆದವನ ಮನಸ್ಸು ಕೆಟ್ಟದ್ದಾದರೆ? ಹೇಳಿದಷ್ಟು ಮುಂದೆ ಹೋದರೆ ಫೈಲು ಮುಗಿದು ಬೇರೆಯವರ ಜಾಗ ಶುರುವಾದರೆ? ಸಿ ಭಾಷೆ ಗಡಿಕಲ್ಲು ನೋಡಿ ನಿಲ್ಲುವುದಿಲ್ಲ, ಬರೆಯುವವನೇ ನಿಲ್ಲಿಸಬೇಕು.

ಈ ಕೋಡಿನಲ್ಲಿ ಬಿರುಕು ಕಂಡುಹಿಡಿದವರು ಸೆಂಟಿನೆಲ್‌ಒನ್ ಕಂಪನಿಯ ಭದ್ರತಾ ಸಂಶೋಧಕ ಟಿಮ್ ಸ್ಟ್ರಾಝೀರ್. 2015ರಲ್ಲಿ ಆಂಡ್ರಾಯ್ಡಿನ ವಿಡಿಯೋ ಓದುವ ಭಾಗದಲ್ಲಿ ಸ್ಟೇಜ್‌ಫ್ರೈಟ್ ಎಂಬ ದೊಡ್ಡ ಬಿರುಕು ಹೊರಬಿದ್ದಿತ್ತು. ಅದಾದ ಮರುವರ್ಷದ ಮಾತು. ಈ ಸಲ ಬಿರುಕು ಇದ್ದದ್ದು ವಿಡಿಯೋದಲ್ಲಿ ಅಲ್ಲ, ಚಿತ್ರದಲ್ಲೂ ಅಲ್ಲ, ಚಿತ್ರದ ತಲೆಬರಹ ಓದುವಲ್ಲಿ. ಬೇಕೆಂದೇ ಕೆಡಿಸಿದ ಹೆಡರಿರುವ ಜೆಪೆಗ್ಗನ್ನು ಎಕ್ಸಿಫ್‌ಇಂಟರ್‌ಫೇಸ್ ಮೂಲಕ ಓದಿಸಿದರೆ ಕೆಳಗೆ ಸಿ ಕೋಡಿನಲ್ಲಿ ಮೆಮೊರಿ ಕದಡುತ್ತಿತ್ತು, ಅಲ್ಲಿಂದ ಫೋನಿನೊಳಗೆ ತನ್ನ ಕೋಡನ್ನು ನಡೆಸುವ ದಾರಿ ಆಕ್ರಮಣಕಾರನಿಗೆ ತೆರೆಯುತ್ತಿತ್ತು. ಫೋಟೋ ಪಡೆದವನು ಅದನ್ನು ಒತ್ತಿ ತೆರೆಯಬೇಕೆಂದೂ ಇರಲಿಲ್ಲ. ಮೇಲ್ ಆ್ಯಪೋ ಚಾಟ್ ಆ್ಯಪೋ ಬಂದ ಚಿತ್ರವನ್ನು ನೆಟ್ಟಗೆ ತೋರಿಸಲು ತಾನಾಗಿ ಹೆಡರು ಓದುತ್ತದಲ್ಲ, ಅಷ್ಟು ಸಾಕಿತ್ತು. ದೀಪಸ್ತಂಭ ಮಲಗದಿರಲಿ ಎಂದು ಮಾಡಿದ ಉಪಕಾರವೇ ಬಾಗಿಲಾಯಿತು.

2016ರ ಸೆಪ್ಟೆಂಬರಿನ ಆಂಡ್ರಾಯ್ಡ್ ಭದ್ರತಾ ಪ್ರಕಟಣೆಯಲ್ಲಿ ಇದು ಸಿವಿಇ-2016-3862 ಎಂಬ ಗುರುತಿನಿಂದ, ಅತಿ ಗಂಭೀರ ಎಂಬ ದರ್ಜೆಯಲ್ಲಿ, ಪ್ಯಾಚಿನ ಸಮೇತ ಬಂತು. 4.4.4ರಿಂದ 6.0.1ರವರೆಗಿನ ಆವೃತ್ತಿಗಳಿಗೆ ತಾಗುವಂಥದ್ದು. ಸ್ಟ್ರಾಝೀರ್ ಅವರಿಗೆ ಗೂಗಲ್ 4,000 ಡಾಲರ್ ಬಹುಮಾನ ಕೊಟ್ಟಿತು. ಅವರು ಅದನ್ನು ಹುಡುಗಿಯರಿಗೆ ಮರಗೆಲಸ, ಬೆಸುಗೆ, ಕಟ್ಟುವ ಕೆಲಸ ಕಲಿಸುವ ಗರ್ಲ್ಸ್ ಗರಾಜ್ ಸಂಸ್ಥೆಗೆ ಕೊಡುವೆ ಎಂದದ್ದರಿಂದ ಇನ್ನೂ ಅಷ್ಟೇ ಸೇರಿಸಿ 8,000 ಮಾಡಿತು. ಬಡಗಿಯ ಕೈಯಿಂದ ಹೊರಟ ಕತೆ ಮತ್ತೆ ಮರಗೆಲಸದ ಕೊಟ್ಟಿಗೆಗೆ ಬಂದು ಸೇರಿದ್ದು ನನಗೆ ಮರೆಯುವುದಿಲ್ಲ.

ಅಷ್ಟರಲ್ಲಿ ಆಗಸ್ಟಿನಲ್ಲಿ ಬಂದ ಆಂಡ್ರಾಯ್ಡ್ 7.0ರಲ್ಲಿ ಓದುವ ಕೋಡನ್ನು ಜಾವಾದಲ್ಲಿ ಹೊಸದಾಗಿ ಬರೆದಾಗಿತ್ತು. ಜಾವಾದಲ್ಲಿ ಸಾಲಿನ ಹೊರಗೆ ಕಾಲಿಟ್ಟರೆ ಅಲ್ಲಿಯೇ ತಡೆ ಬೀಳುತ್ತದೆ. ಆ್ಯಪ್ ಹೆಚ್ಚೆಂದರೆ ಮುಗ್ಗರಿಸುತ್ತದೆ, ಮನೆಯ ಕೀಲಿ ಕಳ್ಳನ ಕೈ ಸೇರುವುದಿಲ್ಲ. ಡಿಸೆಂಬರಿನಲ್ಲಿ ಅದೇ ಕೋಡನ್ನು ಹಳೆಯ ಫೋನುಗಳಿಗೂ ಒದಗುವಂತೆ ಪ್ರತ್ಯೇಕ ಲೈಬ್ರರಿಯಾಗಿ ಕೊಟ್ಟರು. ಇದು ಆಗಲೇಬೇಕಾದ ಕೆಲಸವಾಗಿತ್ತು. ಹೊಸ ಫೋನು ಕೊಳ್ಳಲಾಗದವರ ಫೋಟೋಗಳೂ ಫೋಟೋಗಳೇ.

ಓದುವುದು ಕಲಿತ ಮೇಲೆ, ಅನುಮಾನಿಸುವುದು ಕಲಿತ ಮೇಲೆ, ಮುಚ್ಚಿಡುವುದನ್ನು ಕಲಿಯುವುದು ಉಳಿದಿತ್ತು. 2012ರ ಡಿಸೆಂಬರಿನಲ್ಲಿ, ವೈರಸ್ ತಡೆಯುವ ಸಾಫ್ಟ್‌ವೇರಿನಿಂದ ಹೆಸರಾಗಿದ್ದ ಜಾನ್ ಮ್ಯಾಕಫಿ ಬೆಲೀಜಿನ ಪೊಲೀಸರಿಂದ ತಲೆಮರೆಸಿಕೊಂಡಿದ್ದಾಗ, ಜೊತೆಗಿದ್ದ ವೈಸ್ ಪತ್ರಿಕೆಯವರು ಒಂದು ಐಫೋನ್ ಫೋಟೋ ಪ್ರಕಟಿಸಿದರು. ಅದರ ಹೆಡರಿನಲ್ಲಿದ್ದ ಅಕ್ಷಾಂಶ ರೇಖಾಂಶ ಅವರು ಗ್ವಾಟೆಮಾಲಾದಲ್ಲಿರುವುದನ್ನು ಹೇಳಿಬಿಟ್ಟಿತು. ಪರಾರಿಯಾದವನ ಕತೆ ಬಿಡಿ. ಮನೆಯಂಗಳದಲ್ಲಿ ಆಡುವ ಮಗುವಿನ ಫೋಟೋದಲ್ಲೂ ಅಡಿ ಲೆಕ್ಕದಲ್ಲಿ ಆ ಅಂಗಳದ ವಿಳಾಸ ಇರುತ್ತದೆ. ಫೋಟೋಗಳಿಗೆ ಅನುಮತಿ ಪಡೆದ ಯಾವ ಆ್ಯಪ್ ಬೇಕಾದರೂ ಅದನ್ನು ಓದಬಹುದಿತ್ತು, ಜಾಗದ ಅನುಮತಿಯನ್ನು ನೀವು ಕೊಟ್ಟಿರದಿದ್ದರೂ.

2019ರ ಸೆಪ್ಟೆಂಬರಿನಲ್ಲಿ ಆಂಡ್ರಾಯ್ಡ್ 10 ಇದಕ್ಕೆ ಬಾಗಿಲು ಹಾಕಿತು. ಅದರ ವಿಧಾನ ನನಗೆ ತುಂಬ ಇಷ್ಟ. ಮೂಲ ಫೋಟೋವನ್ನು ಮುಟ್ಟುವುದಿಲ್ಲ. ಆ್ಯಪ್ ಫೈಲು ಓದಲು ಬಂದಾಗ, ಜಾಗದ ಬರಹ ಎಷ್ಟನೇ ಬೈಟಿನಿಂದ ಎಷ್ಟನೆಯದರವರೆಗೆ ಇದೆ ಎಂದು ಎಕ್ಸಿಫ್‌ಇಂಟರ್‌ಫೇಸ್ ಹೇಳುತ್ತದೆ, ವ್ಯವಸ್ಥೆ ಅಷ್ಟನ್ನು ಮಾತ್ರ ಸೊನ್ನೆಗಳಾಗಿಸಿ ಓದಿಸುತ್ತದೆ. ಉಳಿದದ್ದೆಲ್ಲ ಇದ್ದ ಹಾಗೆಯೇ. ನಿಜ ಜಾಗ ಬೇಕಾದ ಆ್ಯಪ್ ಅದಕ್ಕೆಂದೇ ಇರುವ ಬೇರೆ ಅನುಮತಿ ಕೇಳಬೇಕು. ಅದೇ ತಿಂಗಳು ಐಓಎಸ್ 13ರಲ್ಲಿ, ಫೋಟೋ ಹಂಚುವಾಗ ಜಾಗ ಬಿಟ್ಟು ಕಳಿಸುವ ಆಯ್ಕೆ ಬಂತು. ಮುಂದಿನ ವರ್ಷದ ಆಂಡ್ರಾಯ್ಡ್ 11ರ ಎಕ್ಸಿಫ್‌ಇಂಟರ್‌ಫೇಸ್‌ನಲ್ಲಿ ಕಾಲವಲಯದ ಟ್ಯಾಗುಗಳೂ ಸೇರಿದವು.

ಮುಚ್ಚುವುದಕ್ಕೂ ಒಂದು ಬೆಲೆ ಇದೆ. ಮೆಸೇಜಿನ ಆ್ಯಪುಗಳು ಜಾಗ ಮಾತ್ರವಲ್ಲ, ಇಡೀ ಹೆಡರನ್ನೇ ಕಿತ್ತು ಫೋಟೋ ಕಳಿಸುವುದುಂಟು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದು, ಕಾಪು ಕಡಲಿನ ಬಂಡೆಗಳಲ್ಲಿ ಸಿಕ್ಕಿಬಿದ್ದ ಟಗ್ ದೋಣಿಯಿಂದ ಒಂಬತ್ತು ಮಂದಿಯನ್ನು ಪಾರುಮಾಡಿದ ದಿನಗಳಲ್ಲಿ ನಮ್ಮ ಫೋನುಗಳ ತುಂಬ ಅಲೆಗಳ ಫೋಟೋ. ಯಾವುದು ಇವತ್ತಿನದು, ಯಾವುದು ಹೋದ ವರ್ಷದ್ದು, ಯಾವುದು ಬೇರೆ ಊರಿನದು? ಕಡಲಿಗೆ ಹೋದವರ ಮನೆಯವರು ಒಂದೊಂದನ್ನೂ ತೋರಿಸಿ ಕೇಳುತ್ತಿದ್ದರು. ತೆರೆದು ನೋಡಿದರೆ ತಲೆಬರಹ ಖಾಲಿ. ಅವರಿಗೆ ಏನೂ ಹೇಳಲಾಗದೆ ಕೂತ ಆ ಸಂಜೆ ಇನ್ನೂ ನನ್ನೊಳಗಿದೆ.

ಆಲ್ಬಮ್ಮಿನ ಕೆಲಸಕ್ಕೆ ಮರಳಿದೆ. ಭಾವನ 118 ಫೋಟೋಗಳಿಗೆ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಬರೆದಿದ್ದ ಸಮಯವನ್ನು ಅಳಿಸಲಿಲ್ಲ, ಅದು ದುಬೈಯ ಲೆಕ್ಕದಲ್ಲಿ ನಿಜವೇ. ವಲಯದ ಟ್ಯಾಗಿನಲ್ಲಿ ಕೂಡಿಸು 04:00 ಎಂದು ಸೇರಿಸಿದೆ. ಇಪ್ಪತ್ತೊಂದು ವರ್ಷ ಇಲ್ಲದೇ ಇದ್ದ ಆ ಜಾಗ ತುಂಬಿದ ಕೂಡಲೇ ಫೋಟೋಗಳು ಸರಸರನೆ ಸರಿದು ಕೂತವು. ಸೂರ್ಯ 18:41ಕ್ಕೆ ಮುಳುಗಿದ, ಅಡುಗೆ ಊಟಕ್ಕಿಂತ ಮುಂಚಿನ ಜಾಗಕ್ಕೆ ಹೋಯಿತು.

ಉಳಿದದ್ದು ಗ್ರೂಪಿನಿಂದ ಬಂದ ಮೂರು ಫೋಟೋ. ಮೂರರಲ್ಲೂ ಅಕ್ಕಂದಿರು ಒಂದೇ ಜಗಲಿಯಲ್ಲಿ ಒಂದೇ ಸೀರೆಯಲ್ಲಿ ನಿಂತಿದ್ದಾರೆ, ಮೇಲೆ ಟ್ಯೂಬ್‌ಲೈಟು. ಹೆಡರು ಇಲ್ಲ, ಹಗಲೋ ರಾತ್ರಿಯೋ ತಿಳಿಯದು. "ಇದನ್ನು ಎಲ್ಲಿ ಹಾಕಲಿ ಚಿಕ್ಕಮ್ಮ? ಕೊನೆಗೆ ಹಾಕಿಬಿಡಲಾ?" ಎಂದೆ.

ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಮೂರನ್ನೂ ದೊಡ್ಡದು ಮಾಡಿ ನೋಡಿದರು. ಮುಖ ನೋಡಲಿಲ್ಲ, ಜಡೆ ನೋಡಿದರು. ಅವರ ತವರು ಶಂಕರಪುರದ ಹತ್ತಿರ, ಮದುವೆಯಾಗುವವರೆಗೆ ನಸುಕಿಗೆ ಎದ್ದು ಮಲ್ಲಿಗೆ ಮೊಗ್ಗು ಕೊಯ್ದು, ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಎಣಿಸಿ ಕೊಟ್ಟವರು.

"ಇದು ನೋಡು, ಮೊಗ್ಗು ಇನ್ನೂ ಮುಚ್ಚಿಯೇ ಉಂಟು. ಮಧ್ಯಾಹ್ನದ್ದು. ಇದರಲ್ಲಿ ಬಾಯಿ ಬಿಟ್ಟಿದೆ ಅಷ್ಟೆ, ದೀಪ ಹಚ್ಚುವ ಹೊತ್ತು. ಇದು ಪೂರ್ತಿ ಅರಳಿ ಅಂಚು ಬಾಡಿದೆ, ಊಟ ಆದ ಮೇಲಿನದ್ದು ಮಗಾ."

ನಾನು ಮೂರು ಫೈಲುಗಳಿಗೂ ಸಮಯ ಬರೆದೆ. ಮೊದಲನೆಯದಕ್ಕೆ 13:30, ಎರಡನೆಯದಕ್ಕೆ 18:50, ಮೂರನೆಯದಕ್ಕೆ 21:45. ವಲಯ ಕೂಡಿಸು 05:30. ಟಿಪ್ಪಣಿಯ ಟ್ಯಾಗಿನಲ್ಲಿ, ಚಿಕ್ಕಮ್ಮ ಮಲ್ಲಿಗೆ ನೋಡಿ ಹೇಳಿದ್ದು ಎಂದು ಸೇರಿಸಿ ಉಳಿಸಿದೆ.